ಕಿವಿ ಮೊರೆತದ ಜೊತೆ ವರ್ಷಗಟ್ಟಲೆ ಬದುಕುವುದು, ಪರ್ಯಾಯ ಚಿಕಿತ್ಸೆ ಮಾಡಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಿವಿಯೊಳಗೆ ಹಗಲೂ ರಾತ್ರಿ ಗುಂಯ್ ಅನ್ನುವ ಸದ್ದು. ಡಾಕ್ಟರುಗಳು ಇದನ್ನು ಟಿನ್ನಿಟಸ್ ಅನ್ನುತ್ತಾರೆ. ನನಗೂ ಇದೆ, ಬಹಳ ವರ್ಷಗಳಿಂದ ಇದೆ. ಇದೇ ತೊಂದರೆ ಇರುವವರು ಮಾತಿಗೆ ಸಿಕ್ಕರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಓದಿ, ಬಲ್ಲವರನ್ನು ಕೇಳಿ, ಅನುಭವಿಸಿ ತಿಳಿದದ್ದನ್ನು ಬರೆದಿದ್ದೇನೆ. ಇದನ್ನು ಓದಿದ ಮೇಲೂ ಕಿವಿ ಪರೀಕ್ಷೆ ಮಾಡಿಸಲೇಬೇಕು.

ಈ ಸದ್ದು ನಿಜವಾಗಿ ಇದೆಯಾ, ಇಲ್ಲ ನನ್ನ ಭ್ರಮೆಯಾ?

ನಿಮಗೆ ಕೇಳಿಸುತ್ತಿರುವುದು ನಿಜ. ಆ ಸದ್ದು ಮಾಡುವ ವಸ್ತು ಹೊರಗೆ ಇಲ್ಲ, ಅಷ್ಟೇ. ನಾವು ಕಿವಿಯಿಂದ ಕೇಳುತ್ತೇವೆ ಅಂದುಕೊಂಡರೂ ಕೇಳುವ ಕೆಲಸ ಪೂರ್ತಿಯಾಗುವುದು ಮಿದುಳಿನಲ್ಲಿ. ಅಲ್ಲಿನ ನರಗಳು ತಾವಾಗಿಯೇ ಚುರುಕಾಗಿಬಿಟ್ಟರೆ, ಸದ್ದು ಹೊರಗಿಂದ ಬಂತೋ ಒಳಗೇ ಹುಟ್ಟಿತೋ ಅಂತ ನಮಗೆ ತಿಳಿಯುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ತರ. ಕೆಲವರಿಗೆ ಜೀರುಂಡೆ ಕೂಗಿದ ಹಾಗೆ, ಕೆಲವರಿಗೆ ಸೀಟಿಯ ಹಾಗೆ, ಇನ್ನು ಕೆಲವರಿಗೆ ಗಾಳಿ ಬೀಸಿದ ಹಾಗೆ. ಒಂದು ಕಿವಿಯಲ್ಲಿರಬಹುದು, ಎರಡರಲ್ಲೂ ಇರಬಹುದು, ತಲೆಯ ನಡುವೆ ಎಲ್ಲೋ ಅನ್ನಿಸಬಹುದು. ಆದರೆ ಯಾರೋ ಮಾತಾಡಿದ ಹಾಗೆ, ಹೆಸರು ಹಿಡಿದು ಕರೆದ ಹಾಗೆ ಕೇಳಿಸಿದರೆ ಅದು ಬೇರೆ ವಿಷಯ. ಅದಕ್ಕೆ ಮನೋವೈದ್ಯರನ್ನು ಕಾಣಬೇಕು.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು ಚೆನ್ನಾಗಿ ಕಿವಿ ಕೇಳುವ 80 ಜನರನ್ನು ಸದ್ದೇ ನುಗ್ಗದ ಕೋಣೆಯಲ್ಲಿ ಕೂರಿಸಿದರು. ಕೆಲವೇ ನಿಮಿಷದಲ್ಲಿ ಅವರಲ್ಲಿ ಶೇ. 94ರಷ್ಟು ಜನರಿಗೆ ಏನೋ ಒಂದು ಸದ್ದು ಕೇಳಿಸಿತು. ಪೂರ್ತಿ ನಿಶ್ಶಬ್ದದಲ್ಲಿ ಹೆಚ್ಚಿನವರ ಮಿದುಳು ಏನಾದರೂ ಕೇಳಿಸಿಯೇ ತೀರುತ್ತದೆ. ಇದು ತಿಳಿದ ಮೇಲೆ ನನಗೆ ಎಷ್ಟೋ ಸಮಾಧಾನವಾಯಿತು.

ಇದು ನನಗೊಬ್ಬನಿಗೇ ಯಾಕೆ ಬಂತು?

ನಿಮಗೊಬ್ಬರಿಗೇ ಬಂದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ದೊಡ್ಡವರಲ್ಲಿ ಸುಮಾರು ಶೇ. 14ರಷ್ಟು ಜನರಿಗೆ ಇದರ ಅನುಭವವಿದೆ. ಬದುಕಿಗೇ ಅಡ್ಡಿಯಾಗುವಷ್ಟು ಜೋರಾಗಿ ಇರುವುದು ಸುಮಾರು ಶೇ. 2ರಷ್ಟು ಜನರಿಗೆ. ಹೊರಗೆ ಕಾಣುವ ಕಾಯಿಲೆ ಅಲ್ಲವಲ್ಲ, ಅದಕ್ಕೇ ಪಕ್ಕದಲ್ಲಿ ಕೂತವರಿಗೂ ಇದೆ ಅಂತ ನಮಗೆ ಗೊತ್ತಾಗುವುದಿಲ್ಲ.

ಕಾರಣಗಳು ಹಲವು. ವಯಸ್ಸಾದಂತೆ ಕಿವಿ ಮಂದವಾಗುವುದು, ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದು, ಗುಗ್ಗೆ ಗಟ್ಟಿಯಾಗಿ ಕೂತಿರುವುದು, ಕಿವಿಯ ಸೋಂಕು, ದವಡೆ ಕೀಲಿನ ತೊಂದರೆ. ಕೆಲವು ಔಷಧಿಗಳಿಂದಲೂ ಬರುತ್ತದೆ: ಜಾಸ್ತಿ ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಜೆಂಟಾಮೈಸಿನ್ ಇಂಜೆಕ್ಷನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್. ಇಂಥ ಔಷಧಿ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ?

ಉಳಿದದ್ದನ್ನು ಮರೆತರೂ ಈ ಉತ್ತರವೊಂದನ್ನು ನೆನಪಿಡಿ.

ಒಂದು ಕಿವಿ ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದೊಳಗೆ ಮಂದವಾಗಿ ಸದ್ದು ಶುರುವಾದರೆ ಅದು ತುರ್ತು ವಿಷಯ. ಇದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಇದೆ. ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. ಮೊದಲ ಎರಡು ವಾರ ಕಳೆದರೆ ಪ್ರಯೋಜನ ಕಮ್ಮಿಯಾಗುತ್ತಾ ಹೋಗುತ್ತದೆ. ‘ಶೀತ ಆಗಿರಬೇಕು, ನೋಡೋಣ’ ಅಂತ ಕಾಯುವುದರಲ್ಲೇ ಆ ದಿನಗಳು ಕಳೆದುಹೋಗುತ್ತವೆ.

ಸದ್ದು ನಾಡಿ ಬಡಿತದ ಜೊತೆ ತಾಳ ಹಿಡಿದ ಹಾಗೆ ಧಬ್ ಧಬ್ ಅನ್ನುತ್ತಿದ್ದರೆ ರಕ್ತನಾಳಗಳನ್ನು ಪರೀಕ್ಷೆ ಮಾಡಿಸಬೇಕು. ಒಂದೇ ಕಿವಿಯಲ್ಲಿ ಬಿಡದೆ ಇದ್ದರೆ, ಅದರಲ್ಲೂ ಆ ಕಡೆ ಕೇಳುವುದು ಕಮ್ಮಿಯಾಗಿದ್ದರೆ, ಎಂ.ಆರ್.ಐ. ಬೇಕಾಗಬಹುದು. ಅಪರೂಪಕ್ಕೆ ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಇರುತ್ತದೆ. ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಆದರೂ ಇದೆಯೋ ಇಲ್ಲವೋ ಗೊತ್ತಿರಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದರೆ, ಮುಖದ ಒಂದು ಕಡೆ ಸೋತರೆ, ಜೋರಾಗಿ ತಲೆ ಸುತ್ತಿದರೆ, ಕಿವಿ ಸೋರುತ್ತಿದ್ದರೆ ಕೂಡ ಹೊರಡಿ.

ಪರ್ಯಾಯ ಚಿಕಿತ್ಸೆಯ ಮಾತೆಲ್ಲ ಇವು ಯಾವುದೂ ಅಲ್ಲ ಅಂತ ಖಾತ್ರಿಯಾದ ಮೇಲೆ.

ಎಲ್ಲ ಟೆಸ್ಟೂ ನಾರ್ಮಲ್ ಬಂತು. ಹಾಗಾದರೆ ಸದ್ದು ಎಲ್ಲಿಂದ ಬರುತ್ತಿದೆ?

ಒಳಕಿವಿಯಲ್ಲಿ ಕೂದಲಿನಂಥ ತುದಿ ಇರುವ ಸಣ್ಣ ಕೋಶಗಳಿವೆ. ಸದ್ದಿನ ಅಲುಗಾಟವನ್ನು ನರದ ಸಂದೇಶವಾಗಿ ಮಾಡುವುದು ಅವುಗಳ ಕೆಲಸ. ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಗ ಆ ಭಾಗದಿಂದ ಮಿದುಳಿಗೆ ಬರಬೇಕಾದ ಸಂದೇಶ ಕಮ್ಮಿಯಾಗುತ್ತದೆ. ಮಿದುಳು ಸುಮ್ಮನಿರುವುದಿಲ್ಲ. ಸ್ಟೇಷನ್ ಸರಿಯಾಗಿ ಸಿಗದಾಗ ರೇಡಿಯೋದ ವಾಲ್ಯೂಮ್ ಏರಿಸಿದರೆ ಗೊರಗೊರ ಸದ್ದೂ ಜೋರಾಗುತ್ತದಲ್ಲ, ಹಾಗೆ ಅದು ತನ್ನ ಸೂಕ್ಷ್ಮತೆಯನ್ನು ಏರಿಸುತ್ತದೆ. ಆ ಗೊರಗೊರವೇ ನಮಗೆ ಕೇಳುವುದು ಅಂತ ಇಂದು ಹೆಚ್ಚಿನ ಸಂಶೋಧಕರು ಹೇಳುತ್ತಾರೆ.

ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಸಾಮಾನ್ಯ ಆಡಿಯೋಗ್ರಾಂ ಪರೀಕ್ಷೆ 8000 ಹರ್ಟ್ಸ್‌ವರೆಗೆ ಮಾತ್ರ ಅಳೆಯುತ್ತದೆ. ಅದಕ್ಕಿಂತ ಮೇಲೆ ಆದ ಹಾನಿ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ‘ನಾರ್ಮಲ್’ ಅಂದರೆ ಹುಡುಕಿದ ಕಡೆ ದೊಡ್ಡ ತೊಂದರೆ ಸಿಗಲಿಲ್ಲ ಅಂತ ಅರ್ಥ. ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಅಲ್ಲ.

ಕಿವಿಯ ನರವನ್ನೇ ಕತ್ತರಿಸಿಬಿಟ್ಟರೆ?

ಬೇಸತ್ತವರು ಇದನ್ನು ಕೇಳಿಯೇ ಕೇಳುತ್ತಾರೆ. ಗಡ್ಡೆ ತೆಗೆಯುವಾಗ ಆ ನರ ಹೋದ ರೋಗಿಗಳ ಬಗ್ಗೆ 1981ರಲ್ಲಿ ಬಂದ ಒಂದು ವರದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊರೆತ ಇನ್ನೂ ಜಾಸ್ತಿಯಾಗಿತ್ತು. ಸದ್ದನ್ನು ಮಿದುಳು ಹಿಡಿದಿಟ್ಟುಕೊಂಡ ಮೇಲೆ ಕಿವಿಯ ಕಡೆಯ ದಾರಿ ಮುಚ್ಚಿದರೆ ಆಗುವುದು ಇದೇ.

“ಇದಕ್ಕೆ ಮದ್ದಿಲ್ಲ, ಹೊಂದಿಕೊಂಡು ಹೋಗಿ” ಅಂದರು. ಹಾಗಾದರೆ ಮುಗೀತಾ?

ಈ ಮಾತು ನನಗೂ ಹೇಳಿದ್ದರು. ಅದರಲ್ಲಿ ಅರ್ಧ ನಿಜ. ಸದ್ದನ್ನು ಪೂರ್ತಿ ಆರಿಸುವ ಮಾತ್ರೆ ಇವತ್ತಿಗೂ ಇಲ್ಲ. ಆದರೆ ‘ಹೊಂದಿಕೊಳ್ಳಿ’ ಅಂತ ಹೇಳಿ, ಹೇಗೆ ಅಂತ ಹೇಳದೆ ಕಳಿಸುವುದು ತಪ್ಪು. ಹೊಂದಿಕೊಳ್ಳುವುದನ್ನು ಕಲಿಸುವ ಚಿಕಿತ್ಸೆ ಇದೆ, ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆಯೂ ಇದೆ.

ಇಲ್ಲಿ ಎರಡು ವಿಷಯ ಬೇರೆ ಮಾಡಿ ನೋಡಬೇಕು. ಸದ್ದು ಎಷ್ಟು ಜೋರಾಗಿದೆ ಅನ್ನುವುದು ಒಂದು. ಅದು ನಮ್ಮನ್ನು ಎಷ್ಟು ಕಾಡುತ್ತದೆ ಅನ್ನುವುದು ಇನ್ನೊಂದು. ಆಡಿಯಾಲಜಿಸ್ಟ್ ಹೊರಗಿನ ಸದ್ದಿಗೆ ಹೋಲಿಸಿ ಅಳೆದರೆ, ಹೆಚ್ಚಿನವರ ಮೊರೆತ ಅವರಿಗೆ ಆ ಸ್ವರ ಕೇಳಿಸುವ ಮಟ್ಟಕ್ಕಿಂತ 10 ಡೆಸಿಬಲ್‌ಗಿಂತ ಜಾಸ್ತಿ ಮೇಲೆ ಇರುವುದಿಲ್ಲ. ಒಂದೇ ಅಳತೆಯ ಸದ್ದಿರುವ ಇಬ್ಬರಲ್ಲಿ ಒಬ್ಬರು ಆರಾಮಾಗಿ ನಿದ್ದೆ ಮಾಡುತ್ತಾರೆ, ಇನ್ನೊಬ್ಬರು ಕೆಲಸಕ್ಕೇ ಹೋಗಲಾರದ ಸ್ಥಿತಿಯಲ್ಲಿರುತ್ತಾರೆ. ನಡುವಿನ ವ್ಯತ್ಯಾಸ ಇರುವುದು ಮಿದುಳು ಆ ಸದ್ದನ್ನು ಅಪಾಯ ಅಂತ ಗುರುತು ಹಾಕಿಕೊಂಡಿದೆಯೋ ಇಲ್ಲವೋ ಅನ್ನುವುದರಲ್ಲಿ. ಆ ಗುರುತು ಅಳಿಯಬಲ್ಲದು. ನಿಧಾನಕ್ಕೆ, ತಿಂಗಳುಗಟ್ಟಲೆ ಹಿಡಿದರೂ ಅಳಿಯುತ್ತದೆ.

ನನ್ನ ಸದ್ದು ಹೋಗಿಲ್ಲ. ಇದನ್ನು ಬರೆಯುವಾಗ ಎಡಗಿವಿಯಲ್ಲಿ ಸಣ್ಣಗೆ ಚೀರುತ್ತಿದೆ. ಆದರೆ ಅದು ಇದೆ ಅಂತ ಗಮನಕ್ಕೆ ಬಾರದೆ ಎಷ್ಟೋ ಹೊತ್ತು ಕಳೆಯುತ್ತದೆ. ಮೊದಲಿನ ದಿನಗಳಲ್ಲಿ ಇದು ಸಾಧ್ಯ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಸಿಬಿಟಿ ಅಂತಾರಲ್ಲ, ಅದು ಹುಚ್ಚಿಗೆ ಕೊಡುವ ಚಿಕಿತ್ಸೆ ಅಲ್ವಾ?

ಅಲ್ಲ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅನ್ನುವುದರ ಚಿಕ್ಕ ಹೆಸರು ಅದು, ಮಾತಿನ ಮೂಲಕ ಕೊಡುವ ತರಬೇತಿ. ‘ಈ ಸದ್ದಿನಿಂದ ನಾನು ಇನ್ನು ಯಾವತ್ತೂ ನೆಮ್ಮದಿಯಾಗಿರಲಾರೆ’ ಅನ್ನುವ ಯೋಚನೆ ಬಂದಾಗ ಮೈ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಗಮನ ಪೂರ್ತಿ ಸದ್ದಿನ ಕಡೆ ತಿರುಗುತ್ತದೆ, ಸದ್ದು ಇನ್ನೂ ದೊಡ್ಡದಾಗುತ್ತದೆ. ಈ ಸುತ್ತನ್ನು ಎಲ್ಲಿ ಕಡಿಯಬಹುದು ಅಂತ ಸಿಬಿಟಿ ಕಲಿಸುತ್ತದೆ.

ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2020ರಲ್ಲಿ 28 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಸಿಬಿಟಿಯಿಂದ ಮೊರೆತದ ಕಾಟ ಕಮ್ಮಿಯಾಗುತ್ತದೆ ಅಂತ ಅದರಲ್ಲಿ ಕಂಡಿತು. ಸದ್ದಿನ ಜೋರು ಕಮ್ಮಿಯಾಗುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ, ಅಮೆರಿಕದ ಇ.ಎನ್.ಟಿ. ತಜ್ಞರ 2014ರ ಮಾರ್ಗಸೂಚಿಯಲ್ಲೂ ಇದನ್ನು ಶಿಫಾರಸು ಮಾಡಿದ್ದಾರೆ. ಕಲಿಸುವವರು ಹತ್ತಿರದಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಕಲಿಯುವ ಸಿಬಿಟಿಯೂ ಇದೆ.

ಹಿಯರಿಂಗ್ ಏಡ್ ಹಾಕಿದರೆ ಸದ್ದು ಕಮ್ಮಿ ಆಗುತ್ತಾ?

ಕೇಳುವುದೂ ಮಂದವಾಗಿದ್ದರೆ ಹಲವರಿಗೆ ಆಗುತ್ತದೆ. ಹೊರಗಿನ ಸದ್ದು ಸರಿಯಾಗಿ ಒಳಗೆ ಬಂದರೆ ಮಿದುಳು ಹುಡುಕಾಡಬೇಕಾಗಿಲ್ಲ. ಪರ್ಯಾಯ ಚಿಕಿತ್ಸೆಗೆ ದುಡ್ಡು ಸುರಿಯುವ ಮೊದಲು ಆಡಿಯೋಗ್ರಾಂ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ರಾತ್ರಿ ಮಲಗಿದಾಗ ಯಾಕೆ ಇಷ್ಟು ಜೋರಾಗುತ್ತದೆ? ನಿದ್ದೆಗೆ ಏನು ಮಾಡಲಿ?

ಹಗಲಿನ ಸದ್ದೆಲ್ಲ ಅಡಗಿದ ಮೇಲೆ ಉಳಿಯುವುದು ಅದೊಂದೇ. ಮಗ್ಗುಲಾಗಿ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಹೊರಗಿನ ಚೂರುಪಾರು ಸದ್ದೂ ನಿಂತು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಜೊತೆಗೆ ‘ಇವತ್ತೂ ನಿದ್ದೆ ಬರದಿದ್ದರೆ ನಾಳೆ ಏನು ಗತಿ’ ಅನ್ನುವ ಚಿಂತೆ.

ಕೋಣೆಯಲ್ಲಿ ಸಣ್ಣ ಸದ್ದು ಇರಲಿ. ಫ್ಯಾನ್, ಮಳೆಯ ಸದ್ದಿನ ರೆಕಾರ್ಡಿಂಗ್, ಯಾವುದಾದರೂ ಸರಿ. ಇದರಲ್ಲಿ ಒಂದು ಸೂಕ್ಷ್ಮ ಇದೆ: ಆ ಸದ್ದು ನಿಮ್ಮ ಮೊರೆತವನ್ನು ಮುಚ್ಚಿಹಾಕುವಷ್ಟು ಜೋರಾಗಿರಬಾರದು. ಎರಡೂ ಒಟ್ಟಿಗೆ ಕೇಳುವ ಹಾಗೆ, ಮೊರೆತಕ್ಕಿಂತ ಒಂದು ಕೂದಲೆಳೆ ಕೆಳಗೆ ಇಡಿ. ನಾನು ಮಾಡುವುದು ಹೀಗೆ: ಮಳೆ ಸದ್ದನ್ನು ಮೊರೆತ ಮುಚ್ಚಿಹೋಗುವವರೆಗೆ ಏರಿಸುತ್ತೇನೆ, ಆಮೇಲೆ ಚೀರುವ ಸದ್ದು ಮತ್ತೆ ತಲೆಯೆತ್ತುವವರೆಗೆ ಇಳಿಸಿ ಅಲ್ಲಿಗೇ ಬಿಡುತ್ತೇನೆ. ಮೊರೆತ ಕೇಳಿಸುತ್ತಿರುವಾಗಲೇ ಅದು ಮುಖ್ಯವಲ್ಲ ಅಂತ ಮಿದುಳು ಕಲಿಯಲಿ ಅನ್ನುವುದು ಇದರ ಹಿಂದಿನ ಯೋಚನೆ.

ಎಚ್ಚರವಾಗಿ ಬಹಳ ಹೊತ್ತಾದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಕೂತು ಏನಾದರೂ ಓದಿ, ನಿದ್ದೆ ತೂಗಿದಾಗ ಮತ್ತೆ ಮಲಗಿ. ಏಳುವ ಹೊತ್ತನ್ನು ಮಾತ್ರ ಬದಲಿಸಬೇಡಿ. ನಿದ್ದೆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ದಿನಾ ನುಂಗುವ ಅಭ್ಯಾಸ ಬೇಡ.

ಪರ್ಯಾಯ ಚಿಕಿತ್ಸೆ ಮಾಡಿ ನೋಡುವುದರಲ್ಲಿ ತಪ್ಪೇನು?

ತಪ್ಪೇನಿಲ್ಲ. ದಿನದ 24 ಗಂಟೆಯೂ ಸದ್ದು ಕೇಳುವವರು ಏನಾದರೂ ಮಾಡಬೇಕು ಅಂತ ಹೊರಡುವುದು ಸಹಜ. ಅವರನ್ನು ಪೆದ್ದರು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಮೊದಲೇ ಕೆಲವು ಕಟ್ಟುಪಾಡು ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದೇ ಚಿಕಿತ್ಸೆ. ಗಿಂಕ್ಗೊ ಮಾತ್ರೆ, ಅಕ್ಯುಪಂಕ್ಚರ್, ಹೊಸ ದಿಂಬು ಎಲ್ಲ ಒಟ್ಟಿಗೆ ಶುರುಮಾಡಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಎಷ್ಟು ವಾರ, ಎಷ್ಟು ದುಡ್ಡು ಅಂತ ಶುರುವಿನಲ್ಲೇ ಬರೆದಿಡಿ. ಆ ಗೆರೆ ದಾಟಿದ ಮೇಲೆ ‘ಇನ್ನೊಂದು ಕೋರ್ಸ್ ಮಾಡಿದರೆ ಖಂಡಿತ ಹೋಗುತ್ತದೆ’ ಅಂತ ಯಾರೇ ಹೇಳಿದರೂ ನಿಲ್ಲಿಸಿ. ನಡೆಯುತ್ತಿರುವ ಔಷಧಿಗಳ ಜೊತೆ ಹೊಂದುತ್ತದೆಯೇ ಅಂತ ಡಾಕ್ಟರನ್ನು ಕೇಳಿ. ಮತ್ತೆ, ಪೂರ್ತಿ ಗುಣಮಾಡುತ್ತೇನೆ ಅಂತ ಮೊದಲ ಭೇಟಿಯಲ್ಲೇ ಗ್ಯಾರಂಟಿ ಕೊಟ್ಟು ಪೂರ್ತಿ ಹಣ ಮುಂಗಡ ಕೇಳುವವರ ಹತ್ತಿರ ಎರಡನೇ ಸಲ ಹೋಗಬೇಡಿ.

ಒಂದು ಮದ್ದು ತೆಗೆದುಕೊಂಡೆ, ಸದ್ದು ಕಮ್ಮಿ ಆಯ್ತು. ಅದು ಮದ್ದಿನಿಂದಲೇ ತಾನೇ?

ಇರಬಹುದು, ಇಲ್ಲದೆಯೂ ಇರಬಹುದು. ಮೊರೆತ ಒಂದೇ ಮಟ್ಟದಲ್ಲಿ ನಿಲ್ಲುವ ವಸ್ತುವಲ್ಲ. ಏರುತ್ತದೆ, ಇಳಿಯುತ್ತದೆ. ನಾವು ಹೊಸ ಚಿಕಿತ್ಸೆಗೆ ಹೊರಡುವುದು ಯಾವಾಗ? ತೀರಾ ತಡೆಯಲಾಗದಾಗ. ಅಂದರೆ ಏರಿಕೆಯ ತುದಿಯಲ್ಲಿ. ಅಲ್ಲಿಂದ ಅದು ತಾನಾಗಿಯೇ ಇಳಿಯುತ್ತಿತ್ತು, ಆ ಹೊತ್ತಿಗೆ ಕೈಯಲ್ಲಿದ್ದ ಮದ್ದಿಗೆ ಹೆಸರು ಬರುತ್ತದೆ. ಜೊತೆಗೆ ಯಾರೋ ಒಬ್ಬರು ಮುಕ್ಕಾಲು ಗಂಟೆ ಕೂತು ನಮ್ಮ ಕಷ್ಟ ಕೇಳಿದರೆ ಅದರಿಂದಲೇ ಮನಸ್ಸು ಹಗುರಾಗುತ್ತದೆ. ಅದೂ ನಿಜವಾದ ಲಾಭವೇ. ಆದರೆ ಅದಕ್ಕೆ ದುಬಾರಿ ಮಾತ್ರೆ ಬೇಕಾಗಿಲ್ಲ.

ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇದೆ. ಪುಟಕ್ಕೆ ಮೂರು ಕಾಲಂ: ಸದ್ದು, ಕಾಟ, ನಿದ್ದೆ. ರಾತ್ರಿ ಊಟವಾದ ಮೇಲೆ ಪ್ರತಿಯೊಂದಕ್ಕೂ 0ಯಿಂದ 10ರೊಳಗೆ ಒಂದು ಅಂಕಿ ಬರೆಯುವುದು, ಪುಸ್ತಕ ಮುಚ್ಚುವುದು. ದಿನವಿಡೀ ಸದ್ದನ್ನು ಅಳೆಯುತ್ತಾ ಕೂರಬಾರದು, ಅದರಿಂದ ಗಮನ ಇನ್ನೂ ಅಲ್ಲಿಗೇ ಅಂಟುತ್ತದೆ. ಹೊಸ ಚಿಕಿತ್ಸೆ ಶುರುಮಾಡುವ ಮೊದಲು ಒಂದು ತಿಂಗಳಾದರೂ ಸುಮ್ನೆ ಬರೆದಿಡಿ. ಆಮೇಲೆ ಚಿಕಿತ್ಸೆಯ ತಿಂಗಳುಗಳನ್ನು ಅದರ ಪಕ್ಕ ಇಟ್ಟು ನೋಡಿ. ಸದ್ದಿನ ಕಾಲಂ ಹೆಚ್ಚಾಗಿ ಹಾಗೇ ಇರುತ್ತದೆ. ನೋಡಬೇಕಾದದ್ದು ಕಾಟದ ಕಾಲಂ. ಸದ್ದು 7, ಕಾಟ 3 ಅಂತ ಬರೆಯುವ ದಿನಗಳು ಜಾಸ್ತಿಯಾದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಗಿಂಕ್ಗೊ, ಸತು, ವಿಟಮಿನ್ ಮಾತ್ರೆಗಳು?

ಗಿಂಕ್ಗೊ ಬಿಲೋಬ ಎಂಬ ಮರದ ಎಲೆಯ ಸಾರದಿಂದ ಮಾಡಿದ ಮಾತ್ರೆಯ ಬಗ್ಗೆ ಬಹಳ ಅಧ್ಯಯನ ನಡೆದಿದೆ. ಕಾಕ್ರೇನ್ 2022ರಲ್ಲಿ 12 ಅಧ್ಯಯನಗಳನ್ನು ನೋಡಿ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂದಿದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಇದರಿಂದ ದೂರ ಇರಬೇಕು. ರಕ್ತಸ್ರಾವದ ಭಯವಿದೆ.

ಸತುವಿನ ಕತೆಯೂ ಅಷ್ಟೇ. 2014ರ ಅಮೆರಿಕದ ಮಾರ್ಗಸೂಚಿ ಗಿಂಕ್ಗೊ, ಸತು, ಮೆಲಟೋನಿನ್ ಮತ್ತು ಇತರ ಪೂರಕ ಮಾತ್ರೆಗಳನ್ನು ಮೊರೆತಕ್ಕೆ ಅಂತ ಶಿಫಾರಸು ಮಾಡಬೇಡಿ ಅಂತ ಡಾಕ್ಟರುಗಳಿಗೇ ಹೇಳಿದೆ. ರಕ್ತ ಪರೀಕ್ಷೆಯಲ್ಲಿ ಕೊರತೆ ಇದೆ ಅಂತ ಬಂದರೆ ಆ ಕೊರತೆಗೆ ಮಾತ್ರೆ ತೆಗೆದುಕೊಳ್ಳಿ. ಅದು ಬೇರೆ ಲೆಕ್ಕ.

ಡಾಕ್ಟರೇ ಬೀಟಾಹಿಸ್ಟಿನ್ ಮಾತ್ರೆ ಬರೆದುಕೊಟ್ಟಿದ್ದಾರಲ್ಲ?

ತಲೆಸುತ್ತು ಬರುವ ಮೆನಿಯೇರ್ ಕಾಯಿಲೆಗೆ ಅದನ್ನು ಕೊಡುವ ರೂಢಿ ಇದೆ. ಬರೀ ಮೊರೆತಕ್ಕೆ ಕೊಡಬೇಡಿ ಅಂತ ನೈಸ್ 2020ರಲ್ಲಿ ಹೇಳಿದೆ. ನಿಮಗೆ ಯಾಕೆ ಕೊಟ್ಟಿದ್ದಾರೆ ಅಂತ ಡಾಕ್ಟರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಿವಿಗೆ ಎಣ್ಣೆ ಬಿಡಬಹುದಾ? ಕಿವಿ ಮೇಣದಬತ್ತಿ?

ಎಣ್ಣೆ ಗಟ್ಟಿ ಗುಗ್ಗೆಯನ್ನು ಮೆತ್ತಗೆ ಮಾಡುತ್ತದೆ. ಗುಗ್ಗೆಯಿಂದಲೇ ಮೊರೆತ ಬಂದಿದ್ದರೆ, ಅದು ಹೊರಬಂದ ಮೇಲೆ ನಿಲ್ಲಬಹುದು. ಅದಕ್ಕಿಂತ ಆಚೆ ಎಣ್ಣೆ ಹೋಗಲಾರದು. ಕಿವಿ ತಮಟೆ ಅಡ್ಡ ಇದೆ. ಹಾನಿಯಾಗಿರುವುದು ತಮಟೆಯ ಆಚೆ, ಎಲುಬಿನೊಳಗೆ ಹುದುಗಿರುವ ಒಳಕಿವಿಯಲ್ಲಿ. ತಮಟೆಯಲ್ಲಿ ತೂತಿದ್ದರೆ, ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಲೇಬಾರದು. ತೂತಿದೆಯೋ ಇಲ್ಲವೋ ನಮಗೆ ಕಾಣುವುದಿಲ್ಲ, ಆದ್ದರಿಂದ ಒಂದು ಸಲ ಕಿವಿ ತೋರಿಸಿ ಆಮೇಲೆ ಯೋಚಿಸಿ.

1801ರ ಜೂನ್‌ನಲ್ಲಿ ಸಂಗೀತಗಾರ ಬೀಥೋವನ್ ತನ್ನ ಡಾಕ್ಟರ್ ಗೆಳೆಯ ವೆಗೆಲರ್‌ಗೆ ಬರೆದ ಕಾಗದದಲ್ಲಿ ತನ್ನ ಕಿವಿ ಹಗಲೂ ರಾತ್ರಿ ಮೊರೆಯುತ್ತಿದೆ ಅಂತ ಹೇಳಿದ್ದಾನೆ. ಬಾದಾಮಿ ಎಣ್ಣೆಯ ಚಿಕಿತ್ಸೆಯಿಂದ ಏನೂ ಆಗಲಿಲ್ಲ ಅಂತಲೂ ಬರೆದಿದ್ದಾನೆ. ಇನ್ನೂರು ವರ್ಷ ಹಿಂದಿನ ಆ ಕಾಗದ ಓದಿದಾಗ ನಮ್ಮಂಥವರದೇ ಮಾತು ಕೇಳಿದ ಹಾಗಾಗುತ್ತದೆ.

ಕಿವಿ ಮೇಣದಬತ್ತಿ ಬೇಡವೇ ಬೇಡ. ಟೊಳ್ಳು ಬತ್ತಿಯ ಒಂದು ತುದಿ ಕಿವಿಗೆ ಇಟ್ಟು ಇನ್ನೊಂದು ತುದಿಗೆ ಬೆಂಕಿ ಹಚ್ಚುವುದು ಇದು. ಒಳಗಿನ ಕೊಳೆಯನ್ನು ಎಳೆದು ತೆಗೆಯುತ್ತದೆ ಅನ್ನುತ್ತಾರೆ. 1996ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಯಾವ ಎಳೆತವೂ ಇರಲಿಲ್ಲ, ಬತ್ತಿಯ ಮೇಣವೇ ಕೆಲವರ ಕಿವಿಯಲ್ಲಿ ಕೂತಿತ್ತು. ಸುಟ್ಟ ಗಾಯ, ತಮಟೆ ತೂತಾದದ್ದೂ ವರದಿಯಾಗಿದೆ.

ಅಕ್ಯುಪಂಕ್ಚರ್?

ಅಧ್ಯಯನಗಳು ಒಂದು ಕಡೆ ನಿಲ್ಲುವುದಿಲ್ಲ. ಕೆಲವರಿಗೆ ಆರಾಮ ಸಿಕ್ಕಿದೆ. ಆದರೆ ಸುಳ್ಳು ಸೂಜಿ ಚುಚ್ಚಿದವರಿಗೂ ಎಷ್ಟೋ ಸಲ ಅಷ್ಟೇ ಆರಾಮ ಸಿಕ್ಕಿದೆ. ಅದಕ್ಕೇ 2014ರ ಮಾರ್ಗಸೂಚಿ ಮಾಡಿ ಅಂತಲೂ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ. ಕಲಿತವರು, ಪ್ರತಿ ಸಲ ಹೊಸ ಸೂಜಿ ಬಳಸುವವರು ಮಾಡಿದರೆ ಅಪಾಯ ಕಮ್ಮಿ. ಕೈಯಲ್ಲಿ ದುಡ್ಡಿದ್ದು, ಮಲಗಿ ವಿಶ್ರಾಂತಿ ಪಡೆಯುವುದು ಇಷ್ಟವಿದ್ದರೆ ಮಾಡಿ ನೋಡಿ. ಸಾಲ ಮಾಡಿ ಮಾಡುವಂಥದ್ದಲ್ಲ.

ಹೋಮಿಯೋಪಥಿ?

1998ರಲ್ಲಿ, ಯಾರಿಗೆ ಯಾವುದು ಕೊಟ್ಟಿದೆ ಅಂತ ರೋಗಿಗೂ ಕೊಟ್ಟವರಿಗೂ ತಿಳಿಯದ ಹಾಗೆ ನಡೆಸಿದ ಪರೀಕ್ಷೆಯಲ್ಲಿ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ನಾನು ಇದಕ್ಕೆ ದುಡ್ಡು ಹಾಕುವುದಿಲ್ಲ.

ಯೋಗ, ಪ್ರಾಣಾಯಾಮ, ಧ್ಯಾನ ಮಾಡಿದರೆ?

ಪರ್ಯಾಯ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಸದ್ದನ್ನು ಅಳಿಸುತ್ತದೆ ಅಂತಲ್ಲ. ಮೊರೆತವನ್ನು ಕಾಟ ಮಾಡುವ ಮುಕ್ಕಾಲು ಪಾಲು ಮೈಯ ಬಿಗಿತ ಮತ್ತು ಹೆದರಿಕೆ. ಅವೆರಡನ್ನೂ ಇದು ಇಳಿಸುತ್ತದೆ.

ಲಂಡನ್ನಿನಲ್ಲಿ 75 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೈಂಡ್‌ಫುಲ್‌ನೆಸ್ ಧ್ಯಾನ ಸೇರಿದ ತರಬೇತಿ ಮತ್ತು ಬರೀ ಮೈ ಸಡಿಲಿಸುವ ತರಬೇತಿ ಎರಡನ್ನೂ ಹೋಲಿಸಿದರು. ಎರಡರಿಂದಲೂ ಕಾಟ ಇಳಿಯಿತು, ಮೊದಲನೆಯದರಿಂದ ಜಾಸ್ತಿ ಇಳಿಯಿತು. ಈ ಧ್ಯಾನದಲ್ಲಿ ಸದ್ದಿನಿಂದ ಓಡುವುದಿಲ್ಲ. ಉಸಿರು, ಮೈ ನೆಲಕ್ಕೆ ತಾಗಿದ ಜಾಗ, ಹೊರಗಿನ ಸದ್ದು, ಕಿವಿಯ ಸದ್ದು, ಎಲ್ಲದರ ಮೇಲೂ ಒಂದೊಂದಾಗಿ ಗಮನ ಇಟ್ಟು ಬಿಡುತ್ತಾ ಹೋಗುವುದು. ಶುರುವಿನಲ್ಲಿ ಕಣ್ಣು ಮುಚ್ಚಿ ಕೂತರೆ ಮೊರೆತ ಇನ್ನೂ ಜೋರು ಅನ್ನಿಸುತ್ತದೆ. ಹಲವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆ ಹಂತ ಕಳೆಯುವವರೆಗೆ ತಾಳಿಕೊಳ್ಳಿ, ಬೇಕಿದ್ದರೆ ಸಣ್ಣ ಸದ್ದು ಹಾಕಿಕೊಂಡೇ ಕೂತುಕೊಳ್ಳಿ.

ಭ್ರಾಮರಿಯಲ್ಲಿ ಹೂಂಕರಿಸುವಾಗ ಕೆಲವರಿಗೆ ಮೊರೆತ ಸ್ವಲ್ಪ ಹೊತ್ತು ಮರೆಯಾಗುತ್ತದೆ, ಉಸಿರೂ ನಿಧಾನವಾಗುತ್ತದೆ. ತಲೆಸುತ್ತು ಇರುವವರು ತಲೆ ಕೆಳಗಾಗುವ ಆಸನ ಮಾಡಬೇಡಿ.

ಹಲ್ಲು ಕಚ್ಚಿದರೆ, ಕತ್ತು ತಿರುಗಿಸಿದರೆ ಸದ್ದು ಬದಲಾಗುತ್ತದೆ. ಇದು ಏನು?

ಭಯಪಡಬೇಡಿ, ಬಹಳ ಜನರಿಗೆ ಹೀಗಾಗುತ್ತದೆ. ದವಡೆ, ಕುತ್ತಿಗೆಯಿಂದ ಬರುವ ನರಗಳೂ ಕೇಳುವ ನರಗಳೂ ಮಿದುಳಿನ ಬುಡದಲ್ಲಿ ಒಂದು ಕಡೆ ಸೇರುತ್ತವೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ದವಡೆ ನೋವು, ಕುತ್ತಿಗೆ ಬಿಗಿತ ಇದ್ದರೆ ಹಲ್ಲಿನ ಡಾಕ್ಟರ್ ಮತ್ತು ಫಿಸಿಯೋಥೆರಪಿಸ್ಟ್ ಇಬ್ಬರನ್ನೂ ಕಾಣಿ. ಇಂಥವರಿಗೆ ಅದರಿಂದ ಮೊರೆತವೂ ಇಳಿಯುವುದುಂಟು.

ನಾಲಿಗೆಗೆ ಕರೆಂಟ್ ಕೊಡುವ ಯಂತ್ರ ಬಂದಿದೆಯಂತೆ?

ಬಂದಿದೆ. ಲೆನಿಯರ್ ಅಂತ ಹೆಸರು, ಐರ್ಲೆಂಡಿನ ಕಂಪನಿಯದು. ಹೆಡ್‌ಫೋನಿನಲ್ಲಿ ಸದ್ದು ಕೇಳಿಸುತ್ತಾ ನಾಲಿಗೆಯ ಮೇಲೆ ಜುಮ್ಮೆನ್ನುವಷ್ಟು ಸಣ್ಣ ವಿದ್ಯುತ್ ಕೊಡುತ್ತದೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಇದಕ್ಕೆ ಒಪ್ಪಿಗೆ ಕೊಟ್ಟಿತು. 326 ಜನರ ಮೇಲೆ ನಡೆದ ಇದರ ದೊಡ್ಡ ಅಧ್ಯಯನದಲ್ಲಿ ಹೆಚ್ಚಿನವರ ಕಾಟ ಇಳಿಯಿತು. ಆದರೆ ಆ ಅಧ್ಯಯನದಲ್ಲಿ ಸುಳ್ಳು ಯಂತ್ರ ಕೊಟ್ಟು ಹೋಲಿಸಿ ನೋಡಿಲ್ಲ. ನನಗೆ ಈ ಒಂದು ಕೊರತೆ ದೊಡ್ಡದಾಗಿ ಕಾಣುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ತಂಡ, ದವಡೆ ಕುತ್ತಿಗೆ ಆಡಿಸಿ ಸದ್ದು ಬದಲಿಸಬಲ್ಲ 99 ಜನರ ಮೇಲೆ ಇದೇ ಜಾತಿಯ ಇನ್ನೊಂದು ಯಂತ್ರವನ್ನು, ಬರೀ ಸದ್ದಿನ ಚಿಕಿತ್ಸೆಗೆ ಹೋಲಿಸಿ ಪರೀಕ್ಷಿಸಿದೆ. 2023ರಲ್ಲಿ ಬಂದ ಫಲಿತಾಂಶ ಆಶೆ ಹುಟ್ಟಿಸುವ ಹಾಗಿದೆ. ಈ ಕಡೆ ಕಣ್ಣಿಟ್ಟಿರಬಹುದು. ಮನೆ ಮಾರಿ ಕೊಳ್ಳುವ ಹಂತಕ್ಕೆ ಇನ್ನೂ ಬಂದಿಲ್ಲ.

ಕಾಫಿ ಬಿಡಬೇಕಾ?

ಬಿಟ್ಟರೆ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪರೀಕ್ಷೆಯಲ್ಲಿ ಕೆಫೀನ್ ಬಿಟ್ಟವರ ಮೊರೆತ ಇಳಿಯಲಿಲ್ಲ, ಬಿಟ್ಟದ್ದಕ್ಕೆ ತಲೆನೋವು ಬೇರೆ ಬಂತು. ನಿದ್ದೆ ಕೆಡುತ್ತದೆ ಅಂತಾದರೆ ಸಂಜೆಯ ಮೇಲೆ ಕುಡಿಯಬೇಡಿ. ಇರುವ ಸಣ್ಣ ಸಂತೋಷಗಳನ್ನೆಲ್ಲ ಸುಮ್ನೆ ಕಿತ್ತುಕೊಳ್ಳುವುದು ಬೇಡ.

ಕಿವಿಗೆ ಯಾವಾಗಲೂ ಇಯರ್‌ಪ್ಲಗ್ ಹಾಕಿಕೊಂಡಿರಲಾ?

ಬೇಡ. ಸಾಮಾನ್ಯ ಸದ್ದಿಗೂ ಕಿವಿ ಮುಚ್ಚಿಕೊಂಡರೆ ಮಿದುಳು ಇನ್ನೂ ಸೂಕ್ಷ್ಮವಾಗಿ, ತಟ್ಟೆ ಲೋಟದ ಸದ್ದೂ ಚುಚ್ಚುವ ಹಾಗಾಗುತ್ತದೆ. ನಿಜವಾಗಿ ಜೋರಿರುವ ಕಡೆ ಮಾತ್ರ ಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ 80 ಡೆಸಿಬಲ್‌ವರೆಗೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. ಪಕ್ಕದವರ ಜೊತೆ ಕೂಗಿ ಮಾತಾಡಬೇಕಾದ ಜಾಗ ಅಂದರೆ ಪ್ಲಗ್ ಬೇಕು ಅಂತ ಲೆಕ್ಕ.

ಮನೆಯವರಿಗೆ ಅರ್ಥವೇ ಆಗುವುದಿಲ್ಲ. ಏನು ಮಾಡಲಿ?

ನಿಮ್ಮ ಸದ್ದಿಗೆ ಹೋಲುವ ಸ್ವರವನ್ನು ಫೋನಿನಲ್ಲಿ ಹುಡುಕಿ, ಸಣ್ಣಗೆ ಇಟ್ಟು, ಊಟ ಮಾಡುವಾಗ, ಮಾತಾಡುವಾಗ ಪಕ್ಕದಲ್ಲಿ ನಡೆಯಲು ಬಿಡಿ. ಹತ್ತು ನಿಮಿಷ ಸಾಕು. ಆಮೇಲೆ ನಿಮಗೆ ಏನು ಬೇಕು ಅಂತ ಬಿಡಿಸಿ ಹೇಳಿ: ಗಲಾಟೆಯಲ್ಲಿ ಮುಖ ನೋಡಿ ಮಾತಾಡಿ, ರಾತ್ರಿ ಫ್ಯಾನ್ ಆರಿಸಬೇಡಿ, ‘ಇನ್ನೂ ಇದೆಯಾ’ ಅಂತ ದಿನಾ ಕೇಳಬೇಡಿ.

ಕೆಲವು ರಾತ್ರಿ ಬದುಕೇ ಬೇಡ ಅನ್ನಿಸುತ್ತದೆ.

ಈ ಮಾತನ್ನು ಇವತ್ತೇ ಯಾರಿಗಾದರೂ ಹೇಳಿ. ಮನೆಯವರಿಗೆ, ಗೆಳೆಯರಿಗೆ, ಡಾಕ್ಟರಿಗೆ, ಇಲ್ಲವೇ ಆತ್ಮಹತ್ಯೆ ತಡೆ ಸಹಾಯವಾಣಿಗೆ. ಒಬ್ಬರೇ ಇರಬೇಡಿ. ಮೊರೆತದ ಜೊತೆ ಖಿನ್ನತೆ, ಆತಂಕ ಸೇರಿಕೊಳ್ಳುವುದು ಸಾಮಾನ್ಯ, ಅವೆರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಅವು ಇಳಿದಾಗ ಸದ್ದಿನ ಕಾಟವೂ ಇಳಿಯುತ್ತದೆ. ಇವತ್ತು ಇರುವಷ್ಟೇ ಕಷ್ಟ ಯಾವಾಗಲೂ ಇರುತ್ತದೆ ಅಂತ ಈ ಹೊತ್ತಿನಲ್ಲಿ ಅನ್ನಿಸುವುದು ನಿಜ. ಆದರೆ ಮೊದಲ ತಿಂಗಳುಗಳೇ ಹೆಚ್ಚಿನವರಿಗೆ ಅತಿ ಕಷ್ಟದವು.

ತಿಂಗಳುಗಟ್ಟಲೆ ಚೆನ್ನಾಗಿದ್ದೆ, ಈಗ ಮತ್ತೆ ಜೋರಾಗಿದೆ. ಎಲ್ಲ ಮೊದಲಿಂದ ಶುರುವಾ?

ಇಲ್ಲ. ನಿದ್ದೆಗೆಟ್ಟಾಗ, ಶೀತವಾದಾಗ, ಮನಸ್ಸಿಗೆ ಏನೋ ಹತ್ತಿದಾಗ, ಗಲಾಟೆ ಜಾಗಕ್ಕೆ ಹೋಗಿ ಬಂದಾಗ ಏರುತ್ತದೆ. ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಹೊಸ ಮಾತ್ರೆ ಹುಡುಕಲು ಹೊರಡಬೇಡಿ. ಕೇಳುವುದು ಮಂದವಾಗಿದೆಯಾ, ತಲೆ ಸುತ್ತುತ್ತಿದೆಯಾ ಅಂತ ನೋಡಿಕೊಳ್ಳಿ. ಅದು ಇದ್ದರೆ ಡಾಕ್ಟರ್. ಇಲ್ಲದಿದ್ದರೆ ಮಳೆ ಸದ್ದು, ಹೊತ್ತಿಗೆ ಸರಿಯಾಗಿ ನಿದ್ದೆ, ದಿನದ ಕೆಲಸ. ನೋಟ್‌ಬುಕ್ ಇಟ್ಟಿದ್ದರೆ ಹಿಂದಿನ ಏರಿಕೆಯ ಪುಟ ತೆಗೆದು ಅದು ಎಷ್ಟು ದಿನಕ್ಕೆ ಇಳಿದಿತ್ತು ಅಂತ ನೋಡಿ.